ಆರು ಪಟ್ಟೆಮೀನು, ಒಂದು ಸೆರಗುಮೀನು

ನಮ್ಮ ಊರಿನಲ್ಲಿ ಮಗು ಹುಟ್ಟಿದ ದಿನ ಆ ಮನೆಯ ಹಂಡೆಯಲ್ಲಿ ಒಂದು ಮೀನು ಇರುತ್ತದೆ. ಹಿಂದಿನ ದಿನ ಇರುವುದಿಲ್ಲ, ಆ ದಿನ ಇರುತ್ತದೆ, ಅಷ್ಟೆ. ಅದನ್ನು ಬಟ್ಟಲಲ್ಲಿ ಹಿಡಿದು ಮನೆಯ ಗಾಜಿನ ತೊಟ್ಟಿಗೆ ಬಿಡುತ್ತಾರೆ, ಮಗುವಿಗೆ ಹೆಸರಿಡುವುದೆಲ್ಲ ಆಮೇಲೆ. ಮನುಷ್ಯ ಇರುವಷ್ಟು ದಿನ ಅವನ ಮೀನು ಇರುತ್ತದೆ. ಒಂದು ತೊಟ್ಟಿಯಲ್ಲಿ ಯಾರ ಯಾರ ಮೀನುಗಳು ಹೊಂದಿಕೊಳ್ಳುತ್ತವೋ ಅವರು ಒಂದು ಮನೆಯಲ್ಲಿರಬಹುದು. ಒಬ್ಬರ ಮೀನು ಇನ್ನೊಬ್ಬರ ಮೀನಿನ ರೆಕ್ಕೆ ಹರಿದರೆ, ಏಟು ತಿಂದ ಮೀನನ್ನು ಅದೇ ದಿನ ಬೇರೆ ಮನೆಯ ತೊಟ್ಟಿಗೆ ಸಾಗಿಸಬೇಕು, ಅದರ ಮನುಷ್ಯನನ್ನೂ ಸಾಗಿಸಬೇಕು. ಆಮೇಲೆ ಅವರು ಹಳೆಯ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಕಚ್ಚಿದ ಮೀನಿನವರನ್ನು ಕಾಣಬೇಕಾದರೂ ನಡುವೆ ಗೋಡೆಯಿರಬೇಕು. ಇದು ಶಿಕ್ಷೆಯಲ್ಲ, ಕಾಪಾಡುವ ಕ್ರಮ ಎಂದು ಹಿರಿಯರು ಹೇಳುತ್ತಾರೆ. ಹೇಳಲಿ. ನನ್ನ ತಂಗಿ ಚೆಲುವಿಯನ್ನು ಆರು ವರ್ಷದವಳಿದ್ದಾಗ ಎತ್ತಿಕೊಂಡು ಹೋದರಲ್ಲ, ಆ ದಿನ ಅವಳ ಕಿರುಚಾಟ ಕೇಳಿದ್ದವರು ಯಾರೂ ನನ್ನೆದುರು ಆ ಮಾತು ಆಡುವುದಿಲ್ಲ.

ಹರಿದದ್ದು ನನ್ನ ಮೀನು. ನನ್ನದು ಪಟ್ಟೆಮೀನು, ಹೆಬ್ಬೆರಳಿನಷ್ಟುದ್ದ, ಹಳದಿ ಮೈ, ನಾಲ್ಕು ಕಪ್ಪು ಪಟ್ಟೆ. ಪಟ್ಟೆಮೀನೆಂದರೆ ಊರಿಗೇ ಭಯ, ಕಚ್ಚುವ ಜಾತಿ. ಚೆಲುವಿಯದು ಸೆರಗುಮೀನು. ಬಿಳಿ ರೆಕ್ಕೆಗಳು ನೀರಿನಲ್ಲಿ ಉದ್ದಕ್ಕೆ ಇಳಿಬಿದ್ದಿರುತ್ತವೆ, ನಿಧಾನ ಸ್ವಭಾವ, ಓಡಲು ಬಾರದು. ಆ ಮಧ್ಯಾಹ್ನ ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹುರಿಗಡಲೆ ತಿನ್ನಿಸುತ್ತಿದ್ದೆ. ನನಗೆ ಹನ್ನೆರಡು ವರ್ಷ. ಒಳಗಿನಿಂದ ಅಮ್ಮ ಚೀರಿದಳು. ಹೋಗಿ ನೋಡಿದರೆ ಸೆರಗುಮೀನಿನ ಬಾಲದಲ್ಲಿ ಅರ್ಧ ಇರಲಿಲ್ಲ, ನನ್ನ ಮೀನಿನ ಬಾಯಲ್ಲಿ ಬಿಳಿಯ ಎಳೆ ತೂಗುತ್ತಿತ್ತು. "ಏನೇ ಮುಂಡೇದೆ, ಮಗು ಮೇಲೆ ಅಷ್ಟೊಂದು ಸಿಟ್ಟು ಯಾಕೆ ಇಟ್ಕೊಂಡಿದ್ದೆ?" ಎಂದು ಅಮ್ಮ ಬೆನ್ನಿಗೆ ಗುದ್ದಿದಳು. ನನಗೆ ಸಿಟ್ಟಿರಲಿಲ್ಲ. ಇರಲಿಲ್ಲವೆಂದು ಆಗ ಹೇಳಿದೆ, ಯಾರೂ ನಂಬಲಿಲ್ಲ. ಹೇಳಿ ಹೇಳಿ ಸಾಕಾಗಿ, ಎಲ್ಲೋ ಒಳಗೆ ಇದ್ದಿರಬೇಕು ಎಂದು ನಾನೇ ನಂಬಿಬಿಟ್ಟೆ.

ಚೆಲುವಿ ಕೆರೆ ಏರಿಯ ಆಚೆ ಸೋದರತ್ತೆಯ ಮನೆಗೆ ಹೋದಳು. ಪ್ರತಿ ಶುಕ್ರವಾರ ಬಂದು ನಮ್ಮ ಕಾಂಪೌಂಡಿನ ಗೋಡೆಯಾಚೆ ನಿಲ್ಲುತ್ತಿದ್ದಳು. ನಾನು ಈಚೆ ನಿಲ್ಲುತ್ತಿದ್ದೆ. ಮೊದಮೊದಲು ಅವಳ ತಲೆ ಗೋಡೆಗಿಂತ ಕೆಳಗಿತ್ತು, ದನಿ ಮಾತ್ರ ಕೇಳುತ್ತಿತ್ತು. ಆಮೇಲೆ ಹಣೆ ಕಂಡಿತು, ಆಮೇಲೆ ಕಣ್ಣು, ಆಮೇಲೆ ಪೂರ್ತಿ ಮುಖ. ಅತ್ತೆಯ ಮನೆಯ ತೊಟ್ಟಿಗೆ ಹೊಂದುವ ಗಂಡು ಸಿಗಲಿಲ್ಲ, ಅವಳಿಗೆ ಮದುವೆಯಾಗಲಿಲ್ಲ. ನನ್ನ ವಿಷಯ ಕೇಳುವುದೇ ಬೇಡ, ಪಟ್ಟೆಮೀನಿನವಳನ್ನು ಯಾರು ಕಟ್ಟಿಕೊಳ್ಳುತ್ತಾರೆ? ಅಪ್ಪನ ಮೀನು ನೀರಿನ ಮೇಲ್ಭಾಗದಲ್ಲೇ ಇರುತ್ತಿತ್ತು, ಅಮ್ಮನದು ತಳದ ಮರಳಿನಲ್ಲಿ ಹುದುಗಿರುತ್ತಿತ್ತು, ನನ್ನ ಬಾಯಿಗೆ ಸಿಗದೆ ಬದುಕಿಕೊಂಡರು. ಅವರಿಬ್ಬರೂ ಹೋದ ಮೇಲೆ ನಾನೊಬ್ಬಳೇ. ಮನೆ ಮನೆಗೆ ಹೋಗಿ ತೊಟ್ಟಿ ತೊಳೆದು, ನೀರು ಬದಲಿಸಿ, ಪಾಚಿ ಕೆರೆದು ಹೊಟ್ಟೆ ಹೊರೆದುಕೊಂಡೆ. ಬಾಯಿ ಜೋರು ಎಂದು ಹೆಸರಾಯಿತು. ದೇವೀರಮ್ಮ ಬಂದಳು ಎಂದರೆ ಮನೆಯವರು ಮಗುವನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನಲವತ್ತೆರಡು ವರ್ಷ ಹೀಗೇ ಹೋಯಿತು. ಪ್ರತಿ ಶುಕ್ರವಾರ ಅವಳು ಹೊರಟ ಮೇಲೆ ನಾನು ಗೋಡೆಯ ಮೇಲೆ ಅವಳು ಕೈಯಿಟ್ಟಿದ್ದ ಜಾಗವನ್ನು ಮುಟ್ಟಿ ನೋಡುತ್ತಿದ್ದೆ. ಈಗ ಹೇಳಲು ನಾಚಿಕೆ, ಆದರೆ ಮುಟ್ಟುತ್ತಿದ್ದದ್ದು ನಿಜ.

ಈ ವರ್ಷ ಮಾಗಿಯ ಹೊತ್ತಿಗೆ ಒಂದು ಶುಕ್ರವಾರ ಅವಳು ಬಂದು ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಏನಾಯ್ತು, ಬಾಯಲ್ಲಿ ಕಡುಬು ತುರುಕ್ಕೊಂಡಿದ್ದೀಯ?" ಎಂದೆ.

"ಅತ್ತೆ ಮೊಮ್ಮಗನಿಗೆ ಮದುವೆ ಗೊತ್ತಾಯ್ತಕ್ಕ. ಹುಡುಗೀದು ದೊಡ್ಡ ಮೀನು. ತೊಟ್ಟೀಲಿ ಜಾಗ ಸಾಲಲ್ಲ ಅಂದ್ರು. ಯಾರಾದ್ರೂ ಒಬ್ರು ಬಿಡ್ಬೇಕು."

"ಬಿಡೋಳು ನೀನೇ ಆಗ್ಬೇಕಾ?"

"ಇನ್ಯಾರು ಬಿಡ್ತಾರೆ? ನಾನು ಆ ಮನೇಲಿ ಬಂದು ಸೇರ್ಕೊಂಡೋಳು ತಾನೇ. ಇನ್ನೊಂದು ತಿಂಗಳಲ್ಲಿ ಯಾವ್ದಾದ್ರೂ ಮನೆ ಸಿಗದಿದ್ರೆ ಹೊಳೆಯಾಚೆ ಛತ್ರಕ್ಕೆ ಕಳಿಸ್ತಾರಂತೆ."

ಆ ಛತ್ರ ಎರಡು ದಿನದ ದಾರಿ. ತೊಟ್ಟಿ ಇಲ್ಲದವರೆಲ್ಲ ಅಲ್ಲಿರುತ್ತಾರೆ. ಹೋದವರು ಮರಳಿ ಬಂದದ್ದನ್ನು ನಾನು ನೋಡಿಲ್ಲ. ಅಷ್ಟು ವರ್ಷ ಶುಕ್ರವಾರವೊಂದನ್ನು ಹಿಡಿದುಕೊಂಡು ಬದುಕಿದ್ದೆ, ಈಗ ಅದೂ ಹೋಗುತ್ತದಲ್ಲ! ಊರಿನಲ್ಲಿ ಸೆರಗುಮೀನಿಗೆ ಜಾಗ ಕೇಳುತ್ತ ಹತ್ತಿಪ್ಪತ್ತು ಮನೆ ತಿರುಗಿದೆ. ಎಲ್ಲರೂ ಮೆತ್ತಗೆ ಮಾತಾಡಿ ಬಾಗಿಲು ಮುಚ್ಚಿದರು. ನನ್ನ ಮನೆಯ ತೊಟ್ಟಿಯಲ್ಲಿ ಮೂರು ಮೊಳ ಖಾಲಿ ನೀರು, ಅದರೊಳಗೆ ನನ್ನ ಆ ದರಿದ್ರ ಮೀನು ಒಂದೇ ಒಂದು, ಅತ್ತಿಂದಿತ್ತ ಸುತ್ತುತ್ತಿತ್ತು.

ಅದೇ ವಾರ ನೀರಿನ ಪೈಪಿನಲ್ಲಿ ಏನೋ ಕೆಟ್ಟು ನಮ್ಮ ದಕ್ಷಿಣದ ಕೇರಿಗೆಲ್ಲ ಸುಣ್ಣದ ವಾಸನೆಯ ನೀರು ಬಂತು. ಮೀನುಗಳೆಲ್ಲ ಬಾಯಿ ತೆರೆದುಕೊಂಡು ಮೇಲೆ ಬಂದವು. ತೊಟ್ಟಿ ತೊಳೆಯುವವಳು ನಾನೊಬ್ಬಳೇ. ಬಿಂದಿಗೆ, ಬಕೆಟ್ಟು, ಸಿಕ್ಕಿದ್ದರಲ್ಲೆಲ್ಲ ಬಾವಿ ನೀರು ತುಂಬಿ ಮೀನುಗಳನ್ನು ಮನೆವಾರು ಬೇರೆ ಬೇರೆ ಮಾಡಿ ಬಿಟ್ಟೆ. ಪಟ್ಟೆಮೀನುಗಳಿಗೆ ಯಾರೂ ಪಾತ್ರೆ ಕೊಡಲಿಲ್ಲ. ಕೇರಿಯಲ್ಲಿ ನನ್ನದು ಸೇರಿ ಒಟ್ಟು ಆರು. ಅವಕ್ಕೆ ಮದುವೆಯ ಅಡುಗೆಯ ಹಳೆಯ ಕೊಪ್ಪರಿಗೆಯೊಂದನ್ನು ಉರುಳಿಸಿಕೊಂಡು ಬಂದು, ಕಚ್ಚಾಡಿಕೊಂಡು ಸಾಯಲಿ ಎಂದು ಒಟ್ಟಿಗೆ ಸುರಿದೆ. ಆ ಗಡಿಬಿಡಿಯಲ್ಲಿ ಒಂದು ತಪ್ಪು ಮಾಡಿದೆ. ಪಕ್ಕದ ಬೀದಿಯ ಎಂಟು ತಿಂಗಳ ಕೂಸಿನ ಸೆರಗುಮೀನು ಇದ್ದ ಚೊಂಬನ್ನೂ ಅದೇ ಕೊಪ್ಪರಿಗೆಗೆ ಬಗ್ಗಿಸಿಬಿಟ್ಟಿದ್ದೆ. ಗೊತ್ತಾದದ್ದು ಅರ್ಧ ತಾಸಿನ ಮೇಲೆ. ಅಯ್ಯೋ ಶಿವನೇ, ಇನ್ನೊಂದು ಕೂಸನ್ನು ಮನೆ ಬಿಡಿಸಿದೆನಲ್ಲ ಎಂದು ಬಾಯಿ ಬಡಿದುಕೊಳ್ಳುತ್ತ ಓಡಿದೆ.

ಕೊಪ್ಪರಿಗೆಯಲ್ಲಿ ಆರು ಪಟ್ಟೆಮೀನುಗಳು ಒಂದರ ಬಾಲ ಒಂದು ಹಿಡಿಯಲು ಗರಗರ ಸುತ್ತುತ್ತಿದ್ದವು. ಒಂದು ಇನ್ನೊಂದನ್ನು ಅಟ್ಟುವುದು, ಅದು ಮತ್ತೊಂದರ ಪಕ್ಕೆಗೆ ತಿವಿಯುವುದು, ತಿವಿಸಿಕೊಂಡದ್ದು ತಿರುಗಿಬೀಳುವುದು. ಗಿಡ್ಡ ರೆಕ್ಕೆ, ಗಟ್ಟಿ ಮೈ, ಯಾವುದಕ್ಕೂ ಏನೂ ಆಗಿರಲಿಲ್ಲ. ಕೂಸಿನ ಸೆರಗುಮೀನು ಕೊಪ್ಪರಿಗೆಯ ಅಂಚಿನಲ್ಲಿ ರೆಕ್ಕೆ ಹರಡಿಕೊಂಡು ಸುಮ್ಮನೆ ನಿಂತಿತ್ತು. ಒಂದು ಎಳೆಯೂ ಕಿತ್ತಿರಲಿಲ್ಲ. ನನ್ನ ಮೀನು ಅದರ ಪಕ್ಕದಲ್ಲೇ ಎರಡು ಸಲ ಹಾದುಹೋಯಿತು, ತಿರುಗಿ ಕೂಡ ನೋಡಲಿಲ್ಲ. ನಾನು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕುಕ್ಕರಿಸಿದೆ. ಎರಡು ಪಟ್ಟೆಮೀನನ್ನು ಒಂದೇ ತೊಟ್ಟಿಯಲ್ಲಿಡಬಾರದು ಎನ್ನುವುದು ಊರಿನ ಹಳೆಯ ಕಟ್ಟಳೆ, ನಾನೇ ಎಷ್ಟೋ ಮನೆಗಳಲ್ಲಿ ಹಾಗೆಂದು ಬುದ್ಧಿ ಹೇಳಿದ್ದೆ. ತನ್ನ ಜಾತಿಯವುಗಳಿಂದ ಬೇರೆ ಇಟ್ಟದ್ದರಿಂದಲೇ ಅದು ಸಿಕ್ಕವರನ್ನು ಕಚ್ಚುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಚೆಲುವಿ ನನ್ನ ಮನೆಗೆ ಬರಬೇಕಾದರೆ ನನಗೆ ಬೇಕಾದದ್ದು ಇನ್ನೂ ಐದು ಪಟ್ಟೆಮೀನು. ಆದರೆ ಮೀನು ಬರಬೇಕಾದರೆ ಅದರ ಮನುಷ್ಯನೂ ಬರಬೇಕು. ಊರಿನ ಐದು ಜನ ಒಂಟಿ ಸಿಡುಕರನ್ನು ನನ್ನ ಮನೆಗೆ ತಂದು ತುಂಬಬೇಕು!

ಮೊದಲು ನೀರು ನೋಡುವ ನಿಂಗರಾಜಯ್ಯನವರ ಹತ್ತಿರ ಹೋದೆ. ಯಾರ ಮೀನು ಯಾವ ತೊಟ್ಟಿಗೆ ಎಂದು ತೀರ್ಮಾನಿಸುವವರು ಅವರೇ. ಕೇಳಿ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು.

"ಆರು ಜನ ಕಚ್ಚೋರು ಒಂದೇ ಸೂರಿನ ಕೆಳಗಾ? ದೇವೀರಮ್ಮ, ನಿಂಗೆ ತಲೆ ನೆಟ್ಟಗಿದೆಯಾ?"

"ಕೊಪ್ಪರಿಗೇಲಿ ನಾನೇ ನೋಡ್ದೆ ಸ್ವಾಮಿ, ಕಣ್ಣಾರೆ."

"ಅದು ಅರ್ಧ ತಾಸು. ಮನೆ ಅಂದ್ರೆ ಅರ್ಧ ತಾಸಾ?" ಎಂದರು. ಗಡ್ಡ ಕೆರೆದುಕೊಂಡು, "ಆರನ್ನೂ ಸೇರಿಸಿ ತೋರ್ಸು. ಆಮೇಲೆ ನಿನ್ ತಂಗಿ ಮೀನು ಬಿಡೋಣ. ಮೂರು ದಿನ ನಾನೇ ಕೂತು ನೋಡ್ತೀನಿ. ಒಂದು ಎಳೆ ಕಿತ್ರೂ ಅವಳು ಛತ್ರಕ್ಕೆ, ನೀನು ಇನ್ನೊಂದ್ಸಲ ನನ್ನ ಬಾಗ್ಲಿಗೆ ಬರ್ಬಾರ್ದು" ಎಂದರು.

ಪಟ್ಟೆಮೀನಿನವರಲ್ಲಿ ಮೊದಲಿಗೆ ಟೈಲರ್ ಬಾಬಾಜಾನ್. ಅವನು ನನ್ನ ಮಾತು ಮುಗಿಯುವ ಮೊದಲೇ ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಳ್ಳತೊಡಗಿದ. "ಯಾಕೆ ಅಂತ ಪೂರ್ತಿ ಕೇಳಪ್ಪ" ಎಂದರೆ, "ನಮ್ಮನೆಗೆ ಬಾ ಅಂತ ಯಾರಾದ್ರೂ ಕರ್ದು ಹತ್ತೊಂಬತ್ತು ವರ್ಷ ಆಯ್ತಕ್ಕ. ಆಮೇಲೆ ಕೇಳ್ತೀನಿ ಬಿಡು" ಎಂದ. ಹೂವಿನ ಅಂಗಡಿಯ ಕೆಂಪರಾಜಮ್ಮ ಮೂಲೆಯ ಕೋಣೆ ತನಗೇ ಬೇಕು ಎಂದು ಜಗಳ ತೆಗೆದು ಬಂದಳು. ಗಡಿಯಾರ ರಿಪೇರಿಯ ಪದ್ಮನಾಭಯ್ಯ ತಾನು ಬೆಳ್ಳುಳ್ಳಿ ಮುಟ್ಟುವವನಲ್ಲ ಎಂದು ಮೂರು ಸಲ ಹೇಳಿ ಬಂದರು. ಬಸ್ ಕಂಡಕ್ಟರಾಗಿದ್ದ ಮಾದಪ್ಪ ಏನೂ ಹೇಳದೆ ಹಾಸಿಗೆ ಸುತ್ತಿಕೊಂಡು ಬಂದು ನಡುಮನೆಯಲ್ಲಿ ಕುಳಿತ. ಉಳಿದವರು ಲೀಲಾವತಿ ಟೀಚರ್.

ಟೀಚರಿಗೆ ಅರವತ್ತೆಂಟು. ಬಾಗಿಲು ಒಂದು ಗೇಣು ತೆರೆದು, "ನಾನು ಒಬ್ಬಳೇ ಆರಾಮಾಗಿದ್ದೀನಿ. ನಂಗೆ ಸಂತೆ ಬೇಡ" ಎಂದರು. ಎರಡನೆಯ ಸಲವೂ ಅದೇ ಮಾತು. ನನ್ನದೂ ಸೇರಿ ಐವರ ಮೀನನ್ನೇ ತೊಟ್ಟಿಗೆ ಬಿಟ್ಟು ನೋಡಿದೆ. ಎರಡೆರಡು ಜೊತೆಯಾಗಿ ಅಟ್ಟಾಡಿಕೊಂಡವು, ನನ್ನದು ಮಾತ್ರ ಗುಂಪು ಬಿಟ್ಟು ಗಾಜಿಗೆ ಮೂತಿ ಒತ್ತಿಕೊಂಡು ನಿಂತಿತು. ಆರನೆಯದು ಬೇಕೇ ಬೇಕಿತ್ತು. ತಿಂಗಳಿಗೆ ಇನ್ನು ಒಂಬತ್ತು ದಿನ ಉಳಿದಿದ್ದವು. ಮೂರನೆಯ ಸಲ ಹೋದಾಗ ಟೀಚರ್ ಬಾಗಿಲು ತೆರೆಯದೆ ಕಿಟಕಿಯಿಂದಲೇ ಬೇಡ ಎಂದರು. ನನ್ನ ತಲೆ ಕೆಟ್ಟುಹೋಯಿತು.

"ಆರಾಮಾಗಿದ್ದೀರಾ? ಏನ್ರೀ ಆರಾಮು? ಬೆಳಗ್ಗೆ ಎದ್ದು ಒಂದು ಲೋಟ ಕಾಫಿ, ಒಂದು ತಟ್ಟೆ, ಒಂದು ಚಮಚ! ನಂಗೊತ್ತಿಲ್ವಾ ಆ ಆರಾಮು? ನನ್ ತಂಗಿ ಜೊತೆ ಕೂತು ಒಂದು ತುತ್ತು ಉಂಡು ನಲವತ್ತೆರಡು ವರ್ಷ ಆಯ್ತು. ಇನ್ನೊಂಬತ್ತು ದಿನಕ್ಕೆ ಅವಳ ಮುಖಾನೂ ಇರಲ್ಲ. ನೀವು ಅಲ್ಲಿ ಕಿಟಕೀಲಿ ನಿಂತ್ಕೊಂಡು ಸಂತೆ ಬೇಡ ಅಂತೀರಿ. ಥೂ ನಿಮ್ಮ! ಮನುಷ್ಯರೇನ್ರೀ ನೀವು?"

ಬೀದಿಯವರೆಲ್ಲ ಹೊರಗೆ ಬಂದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಬಯ್ದು, ಅಳುತ್ತ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಮನೆಗೆ ಬಂದೆ. ಮರುದಿನ ಬೆಳಗ್ಗೆ ಟೀಚರ್ ಒಂದು ಟ್ರಂಕು, ಒಂದು ಬಕೆಟ್ಟು ಮೀನಿನ ಸಮೇತ ಬಾಗಿಲಲ್ಲಿ ನಿಂತಿದ್ದರು. "ಮೂವತ್ತು ವರ್ಷದಿಂದ ಎಲ್ಲರೂ ನನ್ನ ಹತ್ರ ಪಿಸುಪಿಸು ಅಂತ ಮಾತಾಡಿ ಓಡಿಹೋಗೋರು. ನಿನ್ನೆ ನೀನೊಬ್ಬಳು ಗಟ್ಟಿಯಾಗಿ ಬಯ್ದೆ" ಎಂದರು. ಆಮೇಲೆ ಒಳಗೆ ಇಣುಕಿ, "ಹೊಸ್ತಿಲಲ್ಲಿ ಚಪ್ಪಲಿ ಬಿಡೋ ಪದ್ಧತಿ ಇಲ್ವಾ ಇಲ್ಲಿ? ಇದೆಂಥ ಮನೆ?" ಎಂದು ಕೇಳಿದರು.

ನಾನು ತೊಟ್ಟಿಯನ್ನು ಹೊಸದಾಗಿ ಜೋಡಿಸಿದೆ. ಹಳೆಯ ಕಲ್ಲುಗಳನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟೆ, ಇದು ನನ್ನ ಜಾಗ ಎಂದು ಯಾವ ಮೀನಿಗೂ ಅನ್ನಿಸಬಾರದು. ಬಲಭಾಗದಲ್ಲಿ ಉದ್ದೆಲೆಯ ನೀರುಗಿಡ ನೆಟ್ಟೆ, ಸೆರಗುಮೀನಿಗೆ ಮರೆ ಬೇಕು. ಬಿಸಿಲು ಬೀಳುವ ಕಡೆಗೆ ತೊಟ್ಟಿ ಸರಿಸಿ ನೀರನ್ನು ಬೆಚ್ಚಗೆ ಮಾಡಿದೆ. ಮನೆಯೊಳಗಿನ ಗದ್ದಲವನ್ನು ಏನೆಂದು ಹೇಳಲಿ! ಬಾಬಾಜಾನ್ ಹೊಲಿಗೆ ಯಂತ್ರ ತುಳಿದರೆ ಪದ್ಮನಾಭಯ್ಯನವರಿಗೆ ಗಡಿಯಾರದ ಸದ್ದು ಕೇಳಿಸುವುದಿಲ್ಲ. ಕೆಂಪರಾಜಮ್ಮ ಬಚ್ಚಲಿಗೆ ಹೋದರೆ ಬರುವುದಿಲ್ಲ. ಟೀಚರ್ ಮಾದಪ್ಪನಿಗೆ ನೆಟ್ಟಗೆ ಕೂರಲು ಹೇಳುತ್ತಾರೆ, ಅವನು ಬೇಕೆಂದೇ ಇನ್ನಷ್ಟು ಬಾಗಿ ಕೂರುತ್ತಾನೆ. ನಾನು ಎಲ್ಲರನ್ನೂ ಬಯ್ಯುತ್ತೇನೆ, ಎಲ್ಲರೂ ನನ್ನನ್ನು ಬಯ್ಯುತ್ತಾರೆ. ಯಾರೂ ಮನೆ ಬಿಟ್ಟು ಹೋಗುವ ಮಾತು ಆಡಲಿಲ್ಲ. ತೊಟ್ಟಿಯಲ್ಲಿ ಆರೂ ಒಂದಾಗಿ ಸುತ್ತತೊಡಗಿದವು.

ತಿಂಗಳು ಮುಗಿಯಲು ನಾಲ್ಕು ದಿನ ಇದ್ದಾಗ ಚೆಲುವಿ ತನ್ನ ಮೀನನ್ನು ಹಿತ್ತಾಳೆ ಚೊಂಬಿನಲ್ಲಿ ತಂದಳು. ನಿಂಗರಾಜಯ್ಯನವರ ಅಪ್ಪಣೆಯಂತೆ ಆ ಮೂರು ದಿನ ಅವಳು ಜಗಲಿಯ ಮೇಲಿರಬಹುದು, ಒಳಗೆ ಬರುವಂತಿಲ್ಲ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ನಾನು ಚೊಂಬನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಲೋಟ ಲೋಟ ತೊಟ್ಟಿ ನೀರು ಅದಕ್ಕೆ ಬೆರೆಸುತ್ತ ಅರ್ಧ ತಾಸು ಕಾದೆ. ಆಮೇಲೆ ಬಗ್ಗಿಸಿದೆ. ಆ ಬಾಲ ಎಂದೋ ಪೂರ್ತಿ ಬೆಳೆದಿತ್ತು, ಹರಿದ ಕಡೆ ಒಂದು ಬೂದು ಗೆರೆ ಮಾತ್ರ ಉಳಿದಿತ್ತು. ಅದು ನಿಧಾನವಾಗಿ ರೆಕ್ಕೆ ಬಿಚ್ಚಿಕೊಂಡು ಗಿಡದ ಕಡೆ ಹೋಯಿತು. ನಿಂಗರಾಜಯ್ಯ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕುಳಿತರು.

ಆ ಮೂರು ದಿನ ನಾನು ಜಗಲಿಯ ಕಡೆ ನೋಡಲಿಲ್ಲ. ಭಯ. ನಾನು ನಿಂತಲ್ಲಿ ನಿಲ್ಲದೆ ಕೆಲಸ ಮಾಡಿದೆ, ಜಗಳವಾಡಿದೆ, ಐದು ಜನಕ್ಕೆ ಬೇಯಿಸಿ ಬಡಿಸಿದೆ. ಚೆಲುವಿಗೆ ತಟ್ಟೆಯನ್ನು ಟೀಚರ್ ಕೈಲಿ ಕಳಿಸಿದೆ. ಮೂರನೆಯ ದಿನ ನಡುಮಧ್ಯಾಹ್ನ ನಿಂಗರಾಜಯ್ಯ ಮಣೆಯಿಂದ ಎದ್ದು ಸೊಂಟ ನೀವಿಕೊಂಡರು. "ಒಂದು ಎಳೆ ಕಿತ್ತಿಲ್ಲ. ನಲವತ್ತು ವರ್ಷ ನೀರು ನೋಡಿದ್ದೀನಿ, ಇದು ನಂಗೆ ಗೊತ್ತಿರ್ಲಿಲ್ಲ" ಎಂದು ಹೇಳಿ, ಜಗಲಿಗೆ ಹೋಗಿ, "ಬಾರಮ್ಮ ಒಳಗೆ" ಎಂದು ಚೆಲುವಿಯನ್ನು ಕರೆದರು.

ಅವಳು ಹೊಸ್ತಿಲು ದಾಟಿದಳು. ಬಾಬಾಜಾನ್ ಅತ್ತ, ಯಾಕೆ ಅಳುತ್ತೀಯ ಎಂದು ಕೆಂಪರಾಜಮ್ಮ ಅವನನ್ನು ಗದರಿದಳು. ನಿಂಗರಾಜಯ್ಯ ಛತ್ರಿ ತೆಗೆದುಕೊಂಡು ಹೊರಟರು. ಎಲ್ಲರಿಗೂ ಎಲೆ ಹಾಕಿದೆ. ಸಾರು ಉಪ್ಪಾಗಿದೆ ಎಂದು ಪದ್ಮನಾಭಯ್ಯ, ಸಪ್ಪೆಯಾಗಿದೆ ಎಂದು ಟೀಚರ್ ಶುರು ಮಾಡಿದರು. ಚೆಲುವಿ ನನ್ನ ಎದುರಿನ ಎಲೆಗೆ ಕುಳಿತಿದ್ದಳು. ನಾನು ಪಾತ್ರೆ, ಸೌಟು, ಎಲೆಯ ಅಂಚು ನೋಡುತ್ತ ಬಡಿಸುತ್ತಿದ್ದೆ.

"ಅಕ್ಕ" ಎಂದಳು. "ಗೋಡೆ ಆಚೆ ನಿಂತಾಗ ನೀನು ಕಣ್ಣು ಮಿಟುಕಿಸದೆ ನನ್ನೇ ನೋಡ್ತಿದ್ದೆ. ಈಗ ಒಳಗೆ ಬಂದಿದ್ದೀನಿ. ಜಗಲಿಗೆ ಬಂದು ಮೂರು ದಿನ ಆಯ್ತು, ಒಂದ್ಸಲಾನೂ ನನ್ನ ಮುಖ ನೋಡ್ಲಿಲ್ಲ. ನಾನು ಬಂದದ್ದು ನಿಂಗೆ ಬೇಡವಾಗಿತ್ತಾ?"

ಬೇಡವಾಗಿತ್ತಾ ಎಂದರೆ! ಸೌಟು ಕೈಯಲ್ಲೇ ಇತ್ತು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಕಿವಿಯ ಹತ್ತಿರದ ಕೂದಲೆಲ್ಲ ಬೆಳ್ಳಗಾಗಿತ್ತು, ಅದು ಗೋಡೆಯಾಚೆಯಿಂದ ಇಷ್ಟು ಕಂಡಿರಲಿಲ್ಲ. ಗಲ್ಲದ ಕೆಳಗೆ ಚರ್ಮ ಸಡಿಲವಾಗಿತ್ತು. ಅವಳನ್ನು ಬಾಚಿ ತಬ್ಬಿಕೊಳ್ಳಬೇಕು, ಮಡಿಲಿಗೆ ಎಳೆದುಕೊಳ್ಳಬೇಕು, ಇಷ್ಟು ವರ್ಷದ್ದನ್ನೆಲ್ಲ ಒಂದೇ ಸಲ ತಿಂದುಬಿಡಬೇಕು ಅನ್ನಿಸಿತು. ಈ ಜೀವ ನನ್ನದು, ಇನ್ನು ಯಾರಿಗೂ ಕೊಡುವುದಿಲ್ಲ ಅನ್ನಿಸಿತು. ಆಗ ಅವಳ ಭುಜದ ಮೇಲಿನಿಂದ ತೊಟ್ಟಿ ಕಂಡಿತು. ನನ್ನ ಮೀನು ಗುಂಪು ಬಿಟ್ಟಿತ್ತು. ಗಿಡದ ಕಡೆ ನೇರವಾಗಿ ಹೋಗಿ ಸೆರಗುಮೀನಿನ ಬಾಲದ ಮುಂದೆ ನಿಂತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನನಗೆ ಆಗ ಗೊತ್ತಾಯಿತು. ಅಂದು ನನಗೆ ಸಿಟ್ಟು ಬಂದಿರಲಿಲ್ಲ. ಇದೇ ಆಗಿತ್ತು, ಈ ತಿಂದುಬಿಡುವಷ್ಟು ಮುದ್ದು.

ನಾನು ನೋಡುತ್ತಿದ್ದ ಕಡೆಗೆ ಚೆಲುವಿಯೂ ತಿರುಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳಿಗೆ ಅರ್ಥವಾಯಿತು, ಮೊದಲಿನಿಂದಲೂ ಅವಳು ನನಗಿಂತ ಚುರುಕು.

"ಬಯ್ಯಿ ಅಕ್ಕ" ಎಂದಳು ಮೆಲ್ಲಗೆ. "ನನ್ನ ಕಡೆ ನೋಡ್ಬೇಡ, ಅವರನ್ನ ಬಯ್ಯಿ. ನಾನಿಲ್ಲೇ ಕೂತು ಕೇಳ್ತಿರ್ತೀನಿ."

ನಾನು ಅವಳಿಗೆ ಬೆನ್ನು ಹಾಕಿ ನಿಂತೆ. "ಏನ್ರೀ ಪದ್ಮನಾಭಯ್ಯ, ಉಪ್ಪು ಜಾಸ್ತಿ ಆಗಿದ್ರೆ ನಾಳೆಯಿಂದ ನೀವೇ ಒಲೆ ಹಚ್ಚಿ! ಕೆಂಪಕ್ಕ, ಎಲೆ ದಾಟ್ಕೊಂಡು ಹೋಗೋದು ಯಾವ ಊರಿನ ನಡವಳಿಕೆ? ಮಾದಪ್ಪ, ಬಾಯಿ ಇಲ್ವಾ ನಿಂಗೆ, ಬೇಕು ಬೇಡ ಅಂತ ಹೇಳೋಕೆ?" ಅವರೂ ಬಿಡಲಿಲ್ಲ, ಐದು ಜನವೂ ಒಂದೇ ಸಲಕ್ಕೆ ತಿರುಗಿಬಿದ್ದರು. ಕಣ್ಣಂಚಿನಲ್ಲಿ ತೊಟ್ಟಿ ಕಾಣುತ್ತಿತ್ತು. ನನ್ನ ಮೀನು ಇನ್ನೊಂದು ಗಳಿಗೆ ಆ ಬಾಲದ ಹತ್ತಿರ ನಿಂತು, ಆಮೇಲೆ ತಿರುಗಿ ಗುಂಪಿಗೆ ನುಗ್ಗಿತು. ನಾನು ಗಂಟಲು ಒಣಗುವವರೆಗೆ ಕೂಗಾಡಿದೆ. ಬೆನ್ನ ಹಿಂದೆ ನನ್ನ ತಂಗಿ ಪಾತ್ರೆ ಹತ್ತಿರ ಎಳೆದುಕೊಂಡು ತನಗೆ ತಾನೇ ಅನ್ನ ಬಡಿಸಿಕೊಳ್ಳುವ ಸದ್ದು ಕೇಳಿಸಿತು, ಆಮೇಲೆ ಸಾರು ಸುರಿದುಕೊಳ್ಳುವ ಸದ್ದು, ಉಣ್ಣುವ ಸದ್ದು. ನಾನು ತಿರುಗಿ ನೋಡಲಿಲ್ಲ.